ಉಣ್ಣದ ಮರಿಯ ಮುಂದೆ ಶ್ರಾವಕನ ಕರ್ತವ್ಯ

ಅಹಿಂಸೆಯನ್ನು ಕುರಿತು ನಾವು ಆಲಿಸುವ ಉಪದೇಶಗಳು ಬಹುಮಟ್ಟಿಗೆ ನಿಷೇಧರೂಪದವು. ಕೊಲ್ಲಬಾರದು, ಹೊಡೆಯಬಾರದು, ನೋಯಿಸಬಾರದು ಎಂಬ ಮಾತುಗಳನ್ನು ಪಾಲಿಸುವುದು ಸುಲಭವಲ್ಲದಿದ್ದರೂ ಅಲ್ಲಿ ದಾರಿಯಾದರೂ ಸ್ಪಷ್ಟವಾಗಿದೆ. ನಮ್ಮ ಅಂಗಳದಲ್ಲಿಯೇ ಒಂದು ಜೀವವು ಕ್ಷೀಣಿಸುತ್ತಿರುವಾಗ ಆ ದಾರಿ ಮಸುಕಾಗುತ್ತದೆ. ಸುಮ್ಮನಿದ್ದರೆ ಅದು ಸಾಯುತ್ತದೆ. ಮುಟ್ಟಿ ಉಪಚರಿಸಿದರೆ ಅದಕ್ಕೆ ಭಯವೂ ನೋವೂ ಆಗುತ್ತದೆ. ಇಂತಹ ಸಂದರ್ಭದಲ್ಲಿ ಅಹಿಂಸಾಣುವ್ರತಿಯಾದ ಗೃಹಸ್ಥನು ಏನು ಮಾಡಬೇಕು?

ಪ್ರಶ್ನೆಯನ್ನು ಆಕಾಶದಲ್ಲಿ ತೇಲಿಬಿಡದೆ ಒಂದು ನಿತ್ಯದ ಉದಾಹರಣೆಗೆ ಕಟ್ಟಿಕೊಳ್ಳೋಣ. ಮಳೆಗಾಲದಲ್ಲಿ ಬಸದಿಯ ಮೊಗಸಾಲೆಗೋ ಮನೆಯ ಹಿತ್ತಲಿಗೋ ತಾಯಿ ಅಗಲಿದ ಬೆಕ್ಕಿನ ಮರಿಯೊಂದು ಬಂದು ಸೇರುತ್ತದೆ. ಕಣ್ಣು ಅಂಟಿಕೊಂಡಿದೆ, ಮೂಗು ಸುರಿಯುತ್ತಿದೆ. ಮನೆಯವರು ಬಟ್ಟಲಲ್ಲಿ ಹಾಲಿಟ್ಟರೆ ಮೂಸಿಯೂ ನೋಡದೆ ಮುಖ ತಿರುಗಿಸುತ್ತದೆ. ಆಗ ಮನೆಯಲ್ಲಿ ಮೂರು ಮಾತುಗಳು ಹೊರಡುತ್ತವೆ. ‘ಅದರ ಆಯುಷ್ಕರ್ಮ ಇದ್ದಷ್ಟು ಬದುಕುತ್ತದೆ, ನಾವೇಕೆ ನಡುವೆ ಬರಬೇಕು?’ ಎಂಬುದು ಒಂದು. ‘ಬಾಯಿ ತೆರೆದು ಬಲವಂತವಾಗಿಯಾದರೂ ಹುಯ್ಯಿರಿ’ ಎಂಬುದು ಇನ್ನೊಂದು. ‘ಅದು ತಾನಾಗಿಯೇ ಆಹಾರ ಬಿಟ್ಟಿದೆ, ಪುಣ್ಯಜೀವಿ, ಶಾಂತವಾಗಿ ಹೋಗಲಿ’ ಎಂಬುದು ಮೂರನೆಯದು. ಮೂರರಲ್ಲಿಯೂ ಧರ್ಮದ ಛಾಯೆ ಕಾಣುತ್ತದೆ. ಯಾವುದರಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯ ಮಾತು ಕರ್ಮಸಿದ್ಧಾಂತದ ಹೆಸರಿನಲ್ಲಿ ಬರುವುದರಿಂದ ಹೆಚ್ಚು ಅಪಾಯಕರವಾದುದು. ಜೀವವು ತನ್ನ ಕರ್ಮಫಲವನ್ನು ತಾನೇ ಉಣ್ಣಬೇಕೆಂಬುದು ನಿಜ. ಆದರೆ ಆ ಮರಿಯ ಅಸಾತಾವೇದನೀಯದ ಉದಯ ಅದರ ಪಾಲಿನದು; ಅದನ್ನು ಕಂಡಾಗ ನಮ್ಮೊಳಗೆ ಏಳುವ ಭಾವ ನಮ್ಮ ಪಾಲಿನದು. ಅದರ ಕರ್ಮದ ಲೆಕ್ಕವನ್ನು ನೋಡುವ ಅಧಿಕಾರ ನಮಗಿಲ್ಲ. ನಮ್ಮ ಆಸ್ರವದ ಲೆಕ್ಕವನ್ನು ಮಾತ್ರ ನಾವು ನೋಡಿಕೊಳ್ಳಬೇಕು. ಇದೇ ತರ್ಕವನ್ನು ನಮ್ಮ ಮನೆಯ ಕೂಸಿಗೆ ಜ್ವರ ಬಂದಾಗ ನಾವು ಹೇಳುವುದಿಲ್ಲ. ಡಾಕ್ಟರ ಬಳಿಗೆ ಓಡುತ್ತೇವೆ. ಕೂಸಿನ ವಿಷಯದಲ್ಲಿ ನೆನಪಾಗದ ಕರ್ಮಸಿದ್ಧಾಂತವು ಬೆಕ್ಕಿನ ಮರಿಯ ವಿಷಯದಲ್ಲಿ ಮಾತ್ರ ನೆನಪಾದರೆ ಅದನ್ನು ಸಿದ್ಧಾಂತವೆನ್ನುವುದಕ್ಕಿಂತ ಆಲಸ್ಯವೆನ್ನುವುದೇ ಸರಿ. ನಮ್ಮ ಆಚಾರ್ಯರು ಅದಕ್ಕೆ ಪ್ರಮಾದವೆಂಬ ಹೆಸರನ್ನಿಟ್ಟಿದ್ದಾರೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದದ ಯೋಗವನ್ನು ಮುಂದಿಟ್ಟಿರುವುದನ್ನು ಶ್ರಾವಕ ಬಂಧುಗಳು ಬಲ್ಲರು.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಕಟ್ಟುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಈ ಐದೂ ನಮ್ಮ ಆಶ್ರಯದಲ್ಲಿರುವ ಪ್ರಾಣಿಗಳಿಗೆ ನೇರವಾಗಿ ಅನ್ವಯಿಸುವಂಥವು. ಕೊನೆಯದಾದ ಅನ್ನಪಾನನಿರೋಧವನ್ನು ನಾವು ಸಾಮಾನ್ಯವಾಗಿ ದನಕ್ಕೆ ಹುಲ್ಲು ಹಾಕದಿರುವುದು, ಆಳಿಗೆ ಹೊತ್ತಿಗೆ ಊಟ ಕೊಡದಿರುವುದು ಎಂದು ಅರ್ಥಮಾಡಿಕೊಳ್ಳುತ್ತೇವೆ. ಉಣ್ಣಲಾರದ ಜೀವದ ಮುಂದೆ ಬಟ್ಟಲನ್ನಿಟ್ಟು ‘ಇಟ್ಟಿದ್ದೇನೆ, ಬೇಕಾದರೆ ತಿನ್ನಲಿ’ ಎಂದು ಒಳಗೆ ಹೋಗುವುದು ಈ ಅತಿಚಾರಕ್ಕೆ ಎಷ್ಟು ದೂರದಲ್ಲಿದೆ? ಮೂಗು ಕಟ್ಟಿದ ಪ್ರಾಣಿಗೆ ಅನ್ನವು ಎದುರಿಗಿದ್ದರೂ ಇಲ್ಲದಂತೆಯೇ. ತಡೆಯುವ ಉದ್ದೇಶ ನಮಗಿಲ್ಲ. ಆದರೆ ತಡೆಯಾಗಿರುವುದನ್ನು ಕಂಡೂ ತೆಗೆಯದಿರುವುದು ಉದ್ದೇಶಕ್ಕೆ ಬಹಳ ದೂರವೇನಲ್ಲ.

ಇನ್ನು ಮೂರನೆಯ ಮಾತನ್ನು ನೋಡೋಣ. ಏಕೆಂದರೆ ಕೇಳಲು ಅದು ಎಲ್ಲಕ್ಕಿಂತ ಸುಂದರವಾಗಿದೆ. ಆಹಾರ ಬಿಟ್ಟ ಮರಿಯು ಒಂದು ಬಗೆಯ ಸಲ್ಲೇಖನವನ್ನು ಕೈಗೊಂಡಿದೆ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಕೆಲವರಿಗಿದೆ. ಇದಕ್ಕೆ ಪುರಾಣದ ಆಧಾರವನ್ನೂ ಅವರು ಕೊಡಬಲ್ಲರು. ವರ್ಧಮಾನ ತೀರ್ಥಂಕರರ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ವ್ರತವನ್ನು ಧರಿಸಿ ಆಹಾರವನ್ನು ತ್ಯಜಿಸಿತೆಂಬ ಕಥೆಯು ಉತ್ತರಪುರಾಣದಲ್ಲಿದೆ. ತಿರ್ಯಂಚ ಪಂಚೇಂದ್ರಿಯ ಜೀವಕ್ಕೆ ಮನಸ್ಸಿದ್ದರೆ ಅದು ದೇಶವ್ರತದವರೆಗೆ ಏರಬಲ್ಲದೆಂಬುದನ್ನೂ ನಮ್ಮ ಸಿದ್ಧಾಂತವು ಒಪ್ಪುತ್ತದೆ. ಬೆಕ್ಕನ್ನು ಕೀಳೆಂದು ಕಾಣದಿರಲು ಇದು ಸಾಕಷ್ಟು ಕಾರಣವಾಯಿತು. ಆದರೆ ಆ ಸಿಂಹವು ಉಪದೇಶವನ್ನು ಕೇಳಿತು, ತನ್ನ ಪೂರ್ವಭವಗಳನ್ನು ಅರಿತು ಪಶ್ಚಾತ್ತಾಪಗೊಂಡಿತು, ಅನಂತರ ತ್ಯಾಗ ಮಾಡಿತು. ತ್ಯಾಗಕ್ಕೆ ಮೊದಲು ಅರಿವು ಇತ್ತು. ತಿನ್ನುವ ಶಕ್ತಿಯೂ ಇತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಸಂದರ್ಭಗಳನ್ನು ಗೊತ್ತುಪಡಿಸಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಇವು ಪ್ರತೀಕಾರವಿಲ್ಲದಂತಹವಾಗಿರಬೇಕು ಎಂಬ ನಿಬಂಧನೆಯನ್ನೂ ಅವರು ಸೇರಿಸಿದ್ದಾರೆ. ಆ ನಿಬಂಧನೆಯೇ ಇಡೀ ವಿಚಾರದ ಕೀಲು. ಚಿಕಿತ್ಸೆಯಿರುವ ರೋಗದಲ್ಲಿ ಸಲ್ಲೇಖನಕ್ಕೆ ಅವಕಾಶವಿಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ದೇಶದ ಜೈನ ಸಮಾಜವು ಒಕ್ಕೊರಲಿನಿಂದ ಹೇಳಿದ್ದೇನು? ಇದು ಹಸಿವಿನಿಂದ ಸಾಯುವುದಲ್ಲ, ವಿವೇಕಪೂರ್ವಕವಾದ ವ್ರತ ಎಂದು. ಅದೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಲ್ಲೇಖನವೆಂದರೆ ಹಸಿವಿನ ಸಾವಲ್ಲವೆಂದು ವಾದಿಸಿದ ನಾವೇ, ಹಸಿವಿನಿಂದ ಸಾಯುತ್ತಿರುವ ಮರಿಯನ್ನು ನೋಡಿ ಸಲ್ಲೇಖನವೆನ್ನುವುದು ಹೇಗೆ? ಹಾಗೆಂದರೆ ವ್ರತದ ಬೆಲೆಯೂ ಕುಂದುತ್ತದೆ, ಮರಿಯೂ ಸಾಯುತ್ತದೆ.

ಮರಿಯು ಏಕೆ ಉಣ್ಣುವುದಿಲ್ಲ ಎಂಬುದನ್ನು ಪಶುವೈದ್ಯಶಾಸ್ತ್ರವು ಚೆನ್ನಾಗಿ ಬಲ್ಲದು. ಬೆಕ್ಕು ಮುಖ್ಯವಾಗಿ ವಾಸನೆಯಿಂದ ಆಹಾರವನ್ನು ಗುರುತಿಸುವ ಪ್ರಾಣಿ. ‘ಬೆಕ್ಕಿನ ಫ್ಲೂ’ ಎಂದು ಕರೆಯುವ ಸೋಂಕಿನಲ್ಲಿ ಹರ್ಪಿಸ್ ಮತ್ತು ಕ್ಯಾಲಿಸಿ ಜಾತಿಯ ವೈರಸ್ಸುಗಳು ಮೂಗನ್ನು ಕಟ್ಟಿಸುತ್ತವೆ, ನಾಲಗೆಯ ಮೇಲೆ ಹುಣ್ಣೆಬ್ಬಿಸುತ್ತವೆ. ಆಗ ಹಸಿವಿದ್ದರೂ ಅದು ತಿನ್ನುವುದಿಲ್ಲ. ಹೊಟ್ಟೆಯ ಹುಳು ಇನ್ನೊಂದು ಕಾರಣ. ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಸ್ ರೋಗದಲ್ಲಿ ವಾಂತಿ ಭೇದಿಗಳಾಗಿ ಮರಿಗಳು ಬಹಳ ಬೇಗ ಸಾಯುತ್ತವೆ. ಏನೂ ರೋಗವಿಲ್ಲದೆ ಬರಿಯ ಚಳಿಯಿಂದಲೂ ಎಳೆಯ ಮರಿ ಆಹಾರ ಬಿಡುತ್ತದೆ, ಏಕೆಂದರೆ ಮೈ ತಣ್ಣಗಾದಾಗ ಅದರ ಜೀರ್ಣಾಂಗಗಳು ಕೆಲಸ ಮಾಡಲಾರವು. ಹೀಗೆ ನಮ್ಮ ಕಣ್ಣಿಗೆ ನಿರಾಕರಣೆಯಾಗಿ ಕಾಣುವುದು ಬಹುತೇಕ ಅಶಕ್ತತೆ. ಮುಖ ತಿರುಗಿಸುವುದರ ಅರ್ಥ ‘ಬೇಡ’ ಎಂದಲ್ಲ, ‘ಆಗದು’ ಎಂದು. ಇವೆರಡನ್ನು ಬೇರ್ಪಡಿಸಿ ನೋಡುವುದೇ ಇಲ್ಲಿ ಸಮ್ಯಗ್ಜ್ಞಾನದ ಕೆಲಸ.

ಎರಡನೆಯ ಮಾತು ಬಲವಂತದ್ದು. ಅದರ ಹಿಂದೆ ಕರುಣೆಯಿದೆ, ಸಂದೇಹವಿಲ್ಲ. ಆದರೆ ಅರಿವಿಲ್ಲದ ಕರುಣೆಯ ಕೈಯಲ್ಲಿ ಎಷ್ಟೋ ಮರಿಗಳು ಸಾಯುತ್ತವೆ. ಮಗುವನ್ನು ಮಲಗಿಸಿದಂತೆ ಮರಿಯನ್ನು ಅಂಗಾತ ಹಿಡಿದು ಒಳಲೆಯಿಂದ ಹಾಲು ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸನ್ನು ಅನೇಕ ಬೆಕ್ಕುಗಳು ಅರಗಿಸಿಕೊಳ್ಳಲಾರವು. ಭೇದಿಯಾಗಿ ಮೊದಲೇ ಒಣಗಿದ ಮೈ ಇನ್ನೂ ಒಣಗುತ್ತದೆ. ಜ್ವರವೆಂದು ಮನೆಯಲ್ಲಿದ್ದ ಪ್ಯಾರಸಿಟಮಾಲ್ ಮಾತ್ರೆಯ ಚೂರನ್ನು ಕೊಟ್ಟರೆ ಅದು ಬೆಕ್ಕಿಗೆ ವಿಷ. ನಮ್ಮ ಮನೆಗಳಲ್ಲಿ ಬಳಸದ ಈರುಳ್ಳಿ ಬೆಳ್ಳುಳ್ಳಿಗಳೂ ಅದರ ರಕ್ತಕಣಗಳನ್ನು ಹಾಳುಮಾಡುವಂಥವೇ; ಹೊರಗಿನಿಂದ ತಂದ ಅಡುಗೆಯನ್ನು ಹಾಕುವಾಗ ಇದು ನೆನಪಿರಬೇಕು.

ಹಾಗಾದರೆ ಮಾಡತಕ್ಕದ್ದೇನು? ಕ್ರಮವನ್ನು ಸಂಕ್ಷೇಪವಾಗಿ ಹೇಳುವುದು ಈ ಲೇಖನದ ಉದ್ದೇಶಕ್ಕೆ ಹೊರತಾದುದಲ್ಲ, ಏಕೆಂದರೆ ಕ್ರಿಯೆಗಿಳಿಯದ ಕರುಣೆಯಿಂದ ಮರಿಗೆ ಏನೂ ದೊರೆಯದು. ಮೊದಲು ಬೆಚ್ಚಗೆ ಮಾಡಬೇಕು: ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮರಿಯ ಪಕ್ಕದಲ್ಲಿಟ್ಟು, ಬೇಕೆನಿಸಿದಾಗ ದೂರ ಸರಿಯಲು ಅದಕ್ಕೆ ಜಾಗ ಬಿಡಬೇಕು. ಮೈ ಬೆಚ್ಚಗಾಗುವ ಮೊದಲು ಬಾಯಿಗೆ ಏನನ್ನೂ ಹಾಕಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣು ಮೂಗುಗಳನ್ನು ಒರೆಸಬೇಕು. ಎಷ್ಟೋ ಮರಿಗಳು ಮೂಗು ಬಿಟ್ಟೊಡನೆ, ತುಸು ಬೆಚ್ಚಗೆ ಮಾಡಿ ವಾಸನೆಯೇಳಿಸಿದ ಆಹಾರವನ್ನು ತಾವಾಗಿಯೇ ನೆಕ್ಕತೊಡಗುತ್ತವೆ. ಇಷ್ಟರಿಂದಲೂ ತಿನ್ನದಿದ್ದರೆ ಕಾಯುತ್ತ ಕೂರಬಾರದು. ನಾಲ್ಕು ವಾರದೊಳಗಿನ ಮರಿಗೆ ಕೆಲವು ಗಂಟೆಗಳ ಉಪವಾಸವೇ ಪ್ರಾಣಾಂತಿಕವಾಗಬಲ್ಲದು, ರಕ್ತದ ಸಕ್ಕರೆ ಅಷ್ಟು ಬೇಗ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಮರಿಯಾದರೂ ಒಂದು ದಿನ ಏನನ್ನೂ ತಿನ್ನದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಲೇಬೇಕು. ಸೂಜಿಯಿಲ್ಲದ ಸಿರಿಂಜಿನಿಂದ ಉಣಿಸುವುದನ್ನು ಅವರಿಂದಲೇ ಕಲಿಯಬೇಕು: ಮರಿ ಹೊಟ್ಟೆಯ ಮೇಲೆ ಸಹಜವಾಗಿ ಕುಳಿತಿರಬೇಕು, ಸಿರಿಂಜು ಬಾಯಿಯ ಪಕ್ಕದಿಂದ ಹೋಗಬೇಕು, ಹನಿ ಹನಿಯಾಗಿ ಕೊಟ್ಟು ಅದು ನುಂಗುವವರೆಗೆ ಕಾಯಬೇಕು. ನುಂಗಲಾರದ ಸ್ಥಿತಿಯಲ್ಲಿದ್ದರೆ ಡ್ರಿಪ್ಪು, ನಳಿಕೆ ಮೊದಲಾದವು ವೈದ್ಯರ ಕೆಲಸ; ನಮ್ಮ ಸಾಹಸಕ್ಕೆ ಅಲ್ಲಿ ಎಡೆಯಿಲ್ಲ.

ಇಲ್ಲಿ ಒಂದು ಉಪಪ್ರಶ್ನೆ ಏಳುತ್ತದೆ. ಎಳೆಯ ಮರಿಗೆ ಎರಡು ಮೂರು ಗಂಟೆಗಳಿಗೊಮ್ಮೆ, ರಾತ್ರಿಯೂ ಸಹ, ಉಣಿಸಬೇಕಾಗುತ್ತದೆ. ರಾತ್ರಿಭೋಜನತ್ಯಾಗದ ಮನೆಯಲ್ಲಿ ಇದು ಹೇಗೆ? ಆ ತ್ಯಾಗವು ನಾವು ನಮ್ಮ ನಾಲಗೆಗೆ ಹಾಕಿಕೊಂಡ ಕಟ್ಟು. ಹಾಲೂಡುವ ತಾಯಿಯು ರಾತ್ರಿ ಅತ್ತ ಕೂಸನ್ನು ಬೆಳಗಿನವರೆಗೆ ಕಾಯಿಸುವುದಿಲ್ಲ, ಅದರಿಂದ ಅವಳ ವ್ರತಕ್ಕೆ ಭಂಗ ಬಂದಿತೆಂದು ಯಾರೂ ಹೇಳುವುದಿಲ್ಲ. ತಾಯಿಯಿಲ್ಲದ ಮರಿಯ ಮಟ್ಟಿಗೆ ನಾವು ಆ ಸ್ಥಾನದಲ್ಲಿದ್ದೇವೆ. ದೀಪಕ್ಕೆ ಹುಳು ಬೀಳದಂತೆ, ಆಹಾರ ತೆರೆದಿರದಂತೆ ಯತ್ನಾಚಾರದಿಂದ ನಡೆದುಕೊಂಡರೆ ಸಾಕು. ಮೇಲಿನ ಪ್ರತಿಮೆಗಳನ್ನು ಧರಿಸಿದ ವ್ರತಿಗಳು ತಮ್ಮ ಗುರುಗಳ ಅಪ್ಪಣೆಯಂತೆ ನಡೆಯಲಿ. ಆ ಹೊತ್ತಿಗೆ ಮನೆಯ ಇತರರು ಆ ಕೆಲಸವನ್ನು ವಹಿಸಿಕೊಳ್ಳಲಿ.

ಇದಕ್ಕಿಂತಲೂ ಕಠಿಣವಾದ ಪ್ರಶ್ನೆಯನ್ನು ಇನ್ನು ಎದುರಿಸಲೇಬೇಕು: ಏನನ್ನು ಉಣಿಸುವುದು? ಬೆಕ್ಕು ಮಾಂಸಾಹಾರಿ. ನಾಯಿಯಂತೆ ಅನ್ನ ಮೊಸರಿಗೆ ಅದು ಪೂರ್ತಿ ಒಗ್ಗಿಕೊಳ್ಳಲಾರದು. ಅದರ ಶರೀರರಚನೆಯೇ ಹಾಗಿದೆ. ಟಾರಿನ್ ಎಂಬ ಪೋಷಕವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲವು ಕ್ಷಯಿಸುತ್ತದೆಂಬುದು 1975ರಲ್ಲಿಯೂ, ಹೃದಯವು ಹಿಗ್ಗಿ ದುರ್ಬಲವಾಗುತ್ತದೆಂಬುದು 1987ರಲ್ಲಿಯೂ ವಿಜ್ಞಾನಿಗಳಿಂದ ಪ್ರಕಟವಾಯಿತು. ಆದುದರಿಂದ ಹಾಲು ಅನ್ನದ ಮೇಲೆಯೇ ಸಾಕಿದ ಬೆಕ್ಕು ಮೆಲ್ಲಮೆಲ್ಲಗೆ ಕುರುಡಾಗಬಹುದು. ಹಾಗೆ ಸಾಕಿದವರು ತಾವು ಹಿಂಸೆ ಮಾಡಲಿಲ್ಲವೆಂದು ತಿಳಿದಿರುತ್ತಾರೆ. ಟಾರಿನನ್ನು ಕೃತಕವಾಗಿ ತಯಾರಿಸಬಹುದು, ಅದನ್ನು ಬೆರೆಸಿದ ಶಾಕಾಹಾರವೂ ಕೆಲವೆಡೆ ಮಾರಾಟಕ್ಕಿದೆ. ಆದರೆ ಅದರ ಯುಕ್ತತೆಯ ಬಗೆಗೆ ವೈದ್ಯರಲ್ಲಿಯೇ ಒಮ್ಮತವಿಲ್ಲ. ಬೆಳೆಯುತ್ತಿರುವ, ಅದರಲ್ಲೂ ರೋಗಿಯಾದ ಮರಿಯ ಮೇಲೆ ಅದನ್ನು ಪರೀಕ್ಷಿಸುವುದು ವಿವೇಕವಲ್ಲ.

ನಮ್ಮ ಪೂರ್ವಾಚಾರ್ಯರಿಗೆ ಈ ಸಮಸ್ಯೆಯ ಅರಿವಿತ್ತು. ಸ್ವಾಮಿಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡಗಳನ್ನು ಹೇಳುವಾಗ ಬೆಕ್ಕು ಮೊದಲಾದ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ವ್ಯಾಪಾರದೊಡನೆ ಸೇರಿಸಿ ಹಿಂಸಾದಾನವೆಂದು ಕರೆದಿದೆ. ಇದನ್ನು ಓದಿ ಕೆಲವರು ‘ಆದ್ದರಿಂದ ಮರಿಯನ್ನು ಹೊರಗೆ ಹಾಕಿ’ ಎನ್ನುವುದುಂಟು. ಆದರೆ ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪ. ಇಲಿ ಹಿಡಿಸುವುದಕ್ಕಾಗಿಯೋ, ವಿನೋದಕ್ಕಾಗಿಯೋ, ಸಾವಿರಾರು ರೂಪಾಯಿ ತೆತ್ತು ತಂದ ಜಾತಿಬೆಕ್ಕನ್ನು ನೆಂಟರಿಗೆ ತೋರಿಸುವುದಕ್ಕಾಗಿಯೋ ಇಟ್ಟುಕೊಳ್ಳುವುದಕ್ಕೆ ಆ ಮಾತು ಸಲ್ಲುತ್ತದೆ. ಸಾಯುತ್ತ ಬಾಗಿಲಿಗೆ ಬಂದ ಜೀವಕ್ಕೆ ಔಷಧದಾನವನ್ನೂ ಅಭಯದಾನವನ್ನೂ ನೀಡುವುದು ಸಾಕುವುದಾಗುವುದಿಲ್ಲ. ಸಾಕುವ ಇಚ್ಛೆ ಬೇರೆ, ಶರಣಾಗತ ರಕ್ಷಣೆ ಬೇರೆ.

ಈ ವ್ಯತ್ಯಾಸವನ್ನು ಆಚರಣೆಗೆ ತಂದ ಒಂದು ಸಂಸ್ಥೆ ನಮ್ಮ ಕಣ್ಣೆದುರಿಗಿದೆ. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಧರ್ಮಾರ್ಥ ಪಕ್ಷಿ ಆಸ್ಪತ್ರೆಯ ಇತಿಹಾಸವು 1929ರಿಂದ ಆರಂಭವಾಗುತ್ತದೆ. ಕಾಳು ತಿನ್ನುವ ಪಕ್ಷಿಗಳನ್ನು ಅಲ್ಲಿ ಒಳರೋಗಿಗಳಾಗಿ ಇರಿಸಿಕೊಳ್ಳುತ್ತಾರೆ. ಹದ್ದು ಗಿಡುಗಗಳಂತಹ ಮಾಂಸಾಹಾರಿ ಪಕ್ಷಿಗಳನ್ನು ಹೊರರೋಗಿಗಳಾಗಿ ಉಪಚರಿಸಿ ಕಳಿಸುವುದು ಅಲ್ಲಿನ ರೂಢಿ. ಮಾಂಸವು ಮಂದಿರದ ಆವರಣಕ್ಕೆ ಬರುವುದಿಲ್ಲ, ಆದರೆ ಗಾಯಗೊಂಡ ಹದ್ದು ಬಾಗಿಲಿನಿಂದ ಹಿಂದಿರುಗುವುದೂ ಇಲ್ಲ. ನಿಯಮವನ್ನೂ ದಯೆಯನ್ನೂ ಒಟ್ಟಿಗೆ ಹಿಡಿದ ಈ ವ್ಯವಸ್ಥೆಯಲ್ಲಿ ನಮಗೆ ಕಲಿಯಬೇಕಾದುದಿದೆ.

ಆದರೂ ಮನಸ್ಸನ್ನು ವಂಚಿಸಿಕೊಳ್ಳಬಾರದು. ಮರಿಯನ್ನು ಬೇರೊಬ್ಬರ ಕೈಗೆ ಕೊಟ್ಟರೆ ಅವರು ಅದಕ್ಕೆ ಮಾಂಸದಿಂದ ತಯಾರಾದ ಆಹಾರವನ್ನೇ ಹಾಕುವರೆಂಬುದು ನಮಗೆ ಗೊತ್ತಿದೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಲ್ಲಿ ಯಾವುದೋ ಒಂದರಿಂದ ಸ್ವಲ್ಪ ದೋಷವು ನಮ್ಮನ್ನೂ ತಟ್ಟೀತು. ಅದು ಇಲ್ಲವೆಂದು ಪ್ರಮಾಣಪತ್ರ ಬರೆದುಕೊಡುವ ಅಧಿಕಾರ ಲೇಖಕನಿಗಿಲ್ಲ. ಹಾಗೆಂದು ಮರಿಯನ್ನು ನಮ್ಮಲ್ಲಿಯೇ ಇಟ್ಟುಕೊಂಡು ಅದಕ್ಕೆ ಸಲ್ಲದ ಆಹಾರವನ್ನು ಕೊಟ್ಟು ಸೊರಗಿಸಿದರೆ ದೋಷವು ಕಡಿಮೆಯಾಗುತ್ತದೆಯೇ? ಆಗ ಅದು ನಮ್ಮ ಕೈಯಿಂದಲೇ, ನಮ್ಮ ಮನೆಯಲ್ಲಿಯೇ ನಡೆದ ಅನ್ನನಿರೋಧವಾಗುತ್ತದೆ. ಯಾವ ಜೀವಕ್ಕೆ ತಕ್ಕ ಆಹಾರವನ್ನು ಕೊಡಲಾರೆವೋ ಅದನ್ನು ಇಟ್ಟುಕೊಳ್ಳಬಾರದು. ಇಟ್ಟುಕೊಂಡಿರುವವರೆಗೆ ಅದನ್ನು ಹಸಿವಿನಲ್ಲಿ ಕೆಡವಬಾರದು. ಗೃಹಸ್ಥನಿಗೆ ಇಷ್ಟು ನಿಯಮ ಸಾಕೆಂದು ತೋರುತ್ತದೆ. ಕೊಡಲಾರೆನೆಂಬುವನು ಆ ದಿನವೇ ಪಶು ಆಸ್ಪತ್ರೆಗೋ, ಪ್ರಾಣಿದಯಾ ಸಂಘಕ್ಕೋ, ಸಹೃದಯರಾದ ನೆರೆಯವರಿಗೋ ಒಪ್ಪಿಸಲಿ. ಒಪ್ಪಿಸಿದ ಮೇಲೆ ಉಳಿಯುವ ಅಲ್ಪದೋಷವನ್ನು ಪ್ರತಿಕ್ರಮಣದಲ್ಲಿ ಆಲೋಚಿಸಲಿ. ಆಲೋಚನೆಗೆ ಒಳಪಡುವ ದೋಷಕ್ಕಿಂತ, ದೋಷವೇ ಅಲ್ಲವೆಂದು ಮುಚ್ಚಿಟ್ಟ ದೋಷ ದೊಡ್ಡದು.

ಕೊನೆಯ ಪ್ರಶ್ನೆ: ಎಲ್ಲವನ್ನೂ ಮಾಡಿದ ಮೇಲೆಯೂ ಮರಿ ಉಣ್ಣದಿದ್ದರೆ? ವೈದ್ಯರು ನೋಡಿ, ಇನ್ನು ಪ್ರತೀಕಾರವಿಲ್ಲವೆಂದು ಹೇಳಿದರೆ? ಇಲ್ಲಿ ನಮ್ಮ ಅನುಕಂಪೆಯನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. ಕೆಲವು ದಿನ ಅಂಗೈಯಲ್ಲಿಟ್ಟು ಸಲಹಿದ ಜೀವದ ಮೇಲೆ ರಾಗವು ಹುಟ್ಟಿರುತ್ತದೆ. ಅದನ್ನು ಕಳೆದುಕೊಳ್ಳಲಾರದ ನಮ್ಮ ಸಂಕಟವೇ ಅದರ ಬಾಯಿಗೆ ಮತ್ತೆ ಮತ್ತೆ ಸಿರಿಂಜನ್ನು ಹಿಡಿಯುವಂತೆ ಮಾಡುತ್ತದೆ. ಇಷ್ಟವಿಯೋಗದ ಆರ್ತಧ್ಯಾನವು ಕರುಣೆಯ ವೇಷದಲ್ಲಿ ಬರುವುದು ಹೀಗೆ. ಉಣಿಸಿದರೆ ಅದಕ್ಕೆ ಬಲ ಬರುತ್ತದೆಯೋ ಅಥವಾ ನಮಗೆ ಸಮಾಧಾನವಾಗುತ್ತದೆಯೋ ಎಂದು ಕೇಳಿಕೊಳ್ಳಬೇಕು. ಎರಡನೆಯದೇ ಉತ್ತರವಾದರೆ ಬಲವಂತವನ್ನು ನಿಲ್ಲಿಸುವುದು ಅನ್ನಪಾನನಿರೋಧವಾಗುವುದಿಲ್ಲ. ನೀರೂ ಆಹಾರವೂ ಮೂತಿಗೆಟಕುವಂತೆ ಇರಲಿ, ಮೈ ಬೆಚ್ಚಗಿರಲಿ, ಮಲಗುವ ಬಟ್ಟೆ ಶುಚಿಯಾಗಿರಲಿ, ನೋವು ಶಮನಕ್ಕೆ ವೈದ್ಯರು ಕೊಟ್ಟ ಔಷಧ ಹೊತ್ತಿಗೆ ಸರಿಯಾಗಿ ಸಲ್ಲಲಿ. ನಿಲ್ಲುವುದು ಬಲಾತ್ಕಾರ ಮಾತ್ರ, ಸೇವೆ ನಿಲ್ಲುವುದಿಲ್ಲ. ಆದರೆ ಪ್ರತೀಕಾರವಿಲ್ಲವೆಂಬ ನಿರ್ಣಯವನ್ನು ಬಲ್ಲವರೇ ಹೇಳಬೇಕು, ನಮ್ಮ ಆಯಾಸವು ಹೇಳಬಾರದು.

ಚುಚ್ಚುಮದ್ದಿನಿಂದ ಪ್ರಾಣ ತೆಗೆಯುವುದು ದಯೆಯಲ್ಲವೇ ಎಂದು ಇಂದಿನ ತರುಣರು ಕೇಳುತ್ತಾರೆ. ಪ್ರಶ್ನೆ ಹೊಸದಲ್ಲ. 1928ರಲ್ಲಿ ಸಬರಮತಿ ಆಶ್ರಮದಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಜೀವನವನ್ನು ಕೊನೆಗೊಳಿಸಿದರು. ಅದನ್ನು ಅಹಿಂಸೆಯೆಂದೇ ಸಮರ್ಥಿಸಿ ತಮ್ಮ ಪತ್ರಿಕೆಯಲ್ಲಿ ಬರೆದರು. ವಿರೋಧಿಸಿದವರಲ್ಲಿ ಜೈನರೂ ಇದ್ದರು. ಗಾಂಧೀಜಿಯವರ ಮನಸ್ಸು ನಿರ್ಮಲವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಮಾರ್ಗವು ಅಲ್ಲಿಂದ ಕವಲೊಡೆಯುತ್ತದೆ. ನೋವು ಇಲ್ಲಿಗೇ ಮುಗಿಯಿತೆಂದು ಕೊಲ್ಲುವವನು ತಿಳಿಯುತ್ತಾನೆ. ಜೀವದ ಯಾತ್ರೆಯನ್ನು ಅಷ್ಟು ಚಿಕ್ಕದೆಂದು ನಮ್ಮ ದರ್ಶನವು ಭಾವಿಸುವುದಿಲ್ಲ. ಜೊತೆಗೆ, ಸಂಕಲ್ಪಪೂರ್ವಕವಾದ ಕೊಲೆಗೆ ಎಷ್ಟು ಚಿಕ್ಕ ಅವಕಾಶ ಕೊಟ್ಟರೂ ಮನಸ್ಸು ಅದನ್ನು ಅಗಲಿಸಿಕೊಳ್ಳುತ್ತದೆ. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯ ಬಲಿಯೇ ಭವಭವಾಂತರದ ದುಃಖಕ್ಕೆ ಕಾರಣವಾದುದು ಇದೇ ಅರ್ಥದಲ್ಲಿ. ನೋವನ್ನು ಕಡಿಮೆ ಮಾಡುವ ಔಷಧವು ಇಂದು ಸಾಕಷ್ಟು ದೊರೆಯುವುದರಿಂದ ಕೊಲ್ಲುವುದು ಮತ್ತು ನರಳಿಸುವುದು ಎಂಬ ಎರಡೇ ದಾರಿಗಳ ನಡುವೆ ನಾವು ಸಿಲುಕಬೇಕಾಗಿಲ್ಲ. ಆದರೆ ಕೊಲ್ಲುವುದಿಲ್ಲವೆಂದು ಹೇಳುವವನಿಗೆ ನೋವು ಶಮನದ ಹೊಣೆ ಇಮ್ಮಡಿಯಾಗುತ್ತದೆ. ಕೊಲ್ಲುವುದೂ ಇಲ್ಲ, ಔಷಧವನ್ನೂ ತರುವುದಿಲ್ಲ ಎಂದರೆ ಅದು ತತ್ತ್ವವನ್ನು ಮುಂದಿಟ್ಟು ಮಾಡಿದ ಕ್ರೌರ್ಯ.

ಜೀವಂಧರನ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. 1424ರಲ್ಲಿ ಭಾಸ್ಕರಕವಿಯು ಕನ್ನಡದಲ್ಲಿ ಷಟ್ಪದಿಯಾಗಿ ಹಾಡಿದ ಆ ಚರಿತೆಯಲ್ಲಿ ಜನರಿಂದ ಪೆಟ್ಟು ತಿಂದು ಸಾಯುತ್ತಿರುವ ನಾಯಿಯೊಂದನ್ನು ಕುಮಾರನು ಕಾಣುತ್ತಾನೆ. ಉಳಿಸಲಾರದ ಸ್ಥಿತಿಯಲ್ಲಿರುವ ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸುತ್ತಾನೆ. ನಾಯಿಯು ಯಕ್ಷನಾಗಿ ಹುಟ್ಟುತ್ತದೆ. ಸಾಯುವ ಪ್ರಾಣಿಯ ಬಳಿ ನಮೋಕಾರ ಹೇಳುವ ನಮ್ಮ ರೂಢಿಗೆ ಇಂತಹ ಕಥೆಗಳೇ ಆಧಾರ. ಆದರೆ ಮಂತ್ರವು ಅಲ್ಲಿ ಬಂದುದು ಬೇರೆ ಉಪಾಯವಿಲ್ಲದಾಗ. ಉಪಾಯಕ್ಕೆ ಬದಲಾಗಿ ಮಂತ್ರವನ್ನು ಬಳಸುವುದು ಜೀವಂಧರನ ಮಾರ್ಗವಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದೆರಡು ವಿಜ್ಞಾಪನೆಗಳು. ಆವರಣದಲ್ಲಿ ಪ್ರಾಣಿಗಳು ಬಂದು ಸೇರುವುದು ನಿತ್ಯದ ಸಂಗತಿಯಾದುದರಿಂದ ಪ್ರತಿ ಸಲವೂ ಹೊಸದಾಗಿ ಚರ್ಚಿಸುತ್ತ ಕೂರುವುದು ಸಲ್ಲದು. ಚರ್ಚೆ ಮುಗಿಯುವಷ್ಟರಲ್ಲಿ ಮರಿಯ ಆಯುಷ್ಯವೇ ಮುಗಿದಿರುತ್ತದೆ. ಸಮೀಪದ ಪಶುವೈದ್ಯರ ಹಾಗೂ ಪ್ರಾಣಿದಯಾ ಸಂಘದ ದೂರವಾಣಿ ಸಂಖ್ಯೆಗಳನ್ನು ಕಚೇರಿಯಲ್ಲಿ ಬರೆದು ಹಚ್ಚಿರಬೇಕು. ಆವರಣದ ಹೊರಗೆ, ಪಾಕಶಾಲೆಗೂ ದೇವಪೂಜೆಗೂ ಸಂಬಂಧವಿಲ್ಲದ ಒಂದು ಕೋಣೆಯನ್ನು ರೋಗಿಪ್ರಾಣಿಯ ತಾತ್ಕಾಲಿಕ ಆಶ್ರಯಕ್ಕೆ ಗೊತ್ತುಮಾಡಬಹುದು. ಆಹಾರದಾನದ ನಿಧಿಯಂತೆಯೇ ಔಷಧದಾನದ ನಿಧಿಯಲ್ಲಿ ಒಂದು ಪಾಲು ಮೂಕಪ್ರಾಣಿಗಳಿಗಿರಲಿ. ‘ಊರಾಚೆ ಬಿಟ್ಟು ಬನ್ನಿ’ ಎಂದು ಕೆಲಸದವನ ಕೈಗೆ ಚೀಲ ಕೊಡುವ ಪದ್ಧತಿಯಂತೂ ನಿಲ್ಲಬೇಕು. ಆಶ್ರಯದಲ್ಲಿದ್ದ ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ಕೈಬಿಡುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಜೀವಿಗಳಲ್ಲಿ ಅನುಕಂಪೆಯಿರಬೇಕೆಂಬ ಮಾತು 1976ರ ತಿದ್ದುಪಡಿಯಿಂದ ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿಯೂ ಸೇರಿದೆ. ಕಾನೂನು ಹೇಳುವಷ್ಟನ್ನಾದರೂ ಜಿನಮಂದಿರವು ಮಾಡದಿದ್ದರೆ ಹೇಗೆ?

ಒಂದು ಬೆಕ್ಕಿನ ಮರಿಗಾಗಿ ಇಷ್ಟೆಲ್ಲ ವಿಚಾರವೇ ಎಂದು ಯಾರಾದರೂ ಕೇಳಿಯಾರು. ಐದು ಇಂದ್ರಿಯ, ಮೂರು ಬಲ, ಉಚ್ಛ್ವಾಸ, ಆಯು ಎಂಬ ಹತ್ತು ಪ್ರಾಣಗಳೂ ನಮ್ಮಂತೆ ಅದಕ್ಕೂ ಇವೆ. ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದು ಅನ್ನವನ್ನು ದೂರ ತಳ್ಳುವ ವೃದ್ಧರಿದ್ದಾರೆ, ಏನು ಹೇಳಲೂ ಆಗದ ರೋಗಿಗಳಿದ್ದಾರೆ. ಅವರ ವಿಷಯದಲ್ಲಿಯೂ ನಾವು ಇದೇ ಮೂರು ಮಾತುಗಳನ್ನು ಆಡುತ್ತೇವೆ: ಕರ್ಮವೆಂದು ಸುಮ್ಮನಾಗುತ್ತೇವೆ, ಇಲ್ಲವೆ ತುರುಕುತ್ತೇವೆ, ಇಲ್ಲವೆ ಅವರು ಎತ್ತದ ವ್ರತವನ್ನು ಅವರ ಮೇಲೆ ಹೊರಿಸುತ್ತೇವೆ. ಉಣ್ಣದಿರುವುದಕ್ಕೆ ಕಾರಣವೇನೆಂದು ಮೊದಲು ತಿಳಿಯುವುದು, ತಡೆಯನ್ನು ತೆಗೆಯುವುದು, ತೆಗೆಯಲಾಗದಿದ್ದಾಗ ಬಲಾತ್ಕಾರವನ್ನು ಬಿಟ್ಟು ಬಳಿಯಲ್ಲಿರುವುದು ಎಂಬ ಕ್ರಮವನ್ನು ಮನೆಯ ಮಕ್ಕಳು ಚಿಕ್ಕ ಪ್ರಾಣಿಯ ಸೇವೆಯಲ್ಲಿಯೇ ನೋಡಿ ಕಲಿಯಲಿ. ಮುಂದೆ ಹಿರಿಯರ ಹಾಸಿಗೆಯ ಬಳಿ ನಿಲ್ಲಬೇಕಾದವರು ಅವರೇ.